ಮದುವೆಗೆ ಬನ್ನಿ, ಮಗನನ್ನು ಬಿಟ್ಟು ಬನ್ನಿ ಅಂತಾರೆ. ಆಟಿಸಂ ಇರುವ ಮಕ್ಕಳ ಮನೆಯವರು ಏನು ಮಾಡುತ್ತೀರಿ?

ಸಂಪಿಗೆರಸ್ತೆ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 9 ವರ್ಷ. ಆಟಿಸಂ ಇದೆ. ನಮ್ಮ ಮನೆ ಮಲ್ಲೇಶ್ವರದಲ್ಲಿ. ಮುಂದಿನ ತಿಂಗಳು ಭಾವನ ಮಗಳ ಮದುವೆ, ಬಸವನಗುಡಿಯ ಒಂದು ಛತ್ರದಲ್ಲಿ. ನಿನ್ನೆ ರಾತ್ರಿ ಭಾವ ಫೋನ್ ಮಾಡಿದ್ದರು. ಸೀರೆ, ಬೀಗರ ಔತಣ, ಯಾರು ಯಾವ ಕಾರಿನಲ್ಲಿ ಬರುವುದು, ಎಲ್ಲ ಮಾತಾಡಿದ ಮೇಲೆ ಸ್ವಲ್ಪ ತಡೆದು ಹೇಳಿದರು: "ಪುಟ್ಟನ್ನ ಮುಹೂರ್ತದ ದಿನ ನಿಮ್ಮ ಅಮ್ಮನ ಮನೇಲಿ ಬಿಟ್ಟು ಬನ್ನಮ್ಮ. ಬೀಗರ ಕಡೆಯವರು ಹೊಸಬರು. ಸುಮ್ನೆ ಯಾಕೆ ಎಲ್ಲರಿಗೂ ತೊಂದರೆ."

ಭಾವ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಗನಿಗೆ ಆಟಿಸಂ ಅಂತ ಗೊತ್ತಾದ ವರ್ಷ ನಮ್ಮ ಯಜಮಾನರ ಕೆಲಸ ಹೋಗಿತ್ತು. ಆಗ ಆರು ತಿಂಗಳು ಥೆರಪಿ ಫೀಸು ಕಟ್ಟಿದ್ದು ಅವರೇ. ಅದಕ್ಕೇ ಈ ಮಾತು ಜಾಸ್ತಿ ನೋಯಿಸಿತು.

ಅವರು ಹಾಗೆ ಹೇಳುವುದಕ್ಕೂ ಕಾರಣ ಇದೆ. ಹೋದ ವರ್ಷ ನೆಂಟರಲ್ಲೇ ಒಂದು ಮದುವೆ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗಿದ್ದೇ ತಡ, ಓಲಗ, ಡೋಲು ಎರಡೂ ಒಮ್ಮೆಗೇ ಏರಿದವು. ಮಗ ಕಿವಿ ಮುಚ್ಚಿಕೊಂಡು ಊಟದ ಹಾಲಿಗೆ ಓಡಿದ. ಇನ್ನೂ ಎಲೆ ಹಾಕಿರಲಿಲ್ಲ, ಟೇಬಲ್ ಮೇಲೆ ಪೇಪರ್ ರೋಲ್ ಹಾಸಿದ್ದರು ಅಷ್ಟೇ. ಟೇಬಲ್ ಕೆಳಗೆ ನುಗ್ಗಿ ಕೂತ. ಮೇಲಿಂದ ಇಳಿಬಿದ್ದಿದ್ದ ಪೇಪರಿನ ಅಂಚನ್ನು ಸಣ್ಣ ಸಣ್ಣ ಚೂರು ಮಾಡಿ ಹರಿಯತೊಡಗಿದ. ನಾನೂ ರೇಷ್ಮೆ ಸೀರೆಯಲ್ಲೇ ಕೆಳಗೆ ನುಗ್ಗಿ ಅವನ ಪಕ್ಕ ಕೂತೆ. ಚೂರುಗಳನ್ನು ಒಂದೊಂದಾಗಿ ನನ್ನ ಅಂಗೈಯಲ್ಲಿ ಇಡುತ್ತಾ ಹೋದ. ಊಟಕ್ಕೆ ಬಂದವರು ಬಗ್ಗಿ ಬಗ್ಗಿ ನೋಡಿದರು. ಯಾರೋ ಒಬ್ಬರು "ಎರಡು ಬಿಟ್ಟರೆ ಸರಿ ಹೋಗ್ತಾನೆ" ಅಂದರು. ಇನ್ನೊಬ್ಬರು "ಪಾಪ" ಅಂದರು. ಎರಡನೆಯದು ಇನ್ನೂ ಕಷ್ಟವಾಯಿತು.

ಅವನು ಮಾತಾಡುತ್ತಾನೆ, ಆದರೆ ಅವನದೇ ರೀತಿಯಲ್ಲಿ. ಮೆಟ್ರೋ ಅಂದರೆ ಪ್ರಾಣ. ಹಸಿರು ಮಾರ್ಗದ ಎಲ್ಲ ನಿಲ್ದಾಣಗಳನ್ನೂ ಕ್ರಮವಾಗಿ ಹೇಳುತ್ತಾನೆ. ಎಲ್ಲೇ ಇರಲಿ, ಮನೆಗೆ ಹೋಗಬೇಕು ಅನಿಸಿದರೆ "ಮುಂದಿನ ನಿಲ್ದಾಣ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ" ಅನ್ನುತ್ತಾನೆ. ನಾವು ಇಳಿಯುವುದು ಅಲ್ಲೇ ಅಲ್ವಾ, ಅದಕ್ಕೆ. ಟೇಬಲ್ ಕೆಳಗೂ ಅದನ್ನೇ ಹೇಳುತ್ತಿದ್ದ. ಕೇಳಿದವರು ಏನೋ ಬಡಬಡಿಸುತ್ತಿದ್ದಾನೆ ಅಂದುಕೊಂಡರು.

ಬಿಟ್ಟು ಹೋಗಲೇ, ಕರೆದುಕೊಂಡು ಹೋಗಲೇ, ಅಥವಾ ನಾನೇ ಹೋಗದೆ ಇರಲೇ? ನಿಮ್ಮ ಮನೆಯಲ್ಲಿ ಏನು ಮಾಡಿದಿರಿ ಅಂತ ಹೇಳಿ.

ವಿಜಯನಗರ_ಅಪ್ಪ

ಕರೆದುಕೊಂಡೇ ಹೋಗಿ ಅಮ್ಮ. ನಮ್ಮ ಮಗಳಿಗೆ ಈಗ 14. ನಾವು ಐದಾರು ವರ್ಷ ಎಲ್ಲೂ ಹೋಗಲಿಲ್ಲ. ನಾಮಕರಣ, ಗೃಹಪ್ರವೇಶ, ತಿಥಿ, ಎಲ್ಲಕ್ಕೂ ನಾನೊಬ್ಬನೇ ಹೋಗಿ ತಲೆ ತೋರಿಸಿ ಬರುತ್ತಿದ್ದೆ. ಕೊನೆಗೆ ಏನಾಯಿತು ಅಂದರೆ, ಮಗಳಿಗೆ ಅವಳ ಸ್ವಂತ ಸೋದರಮಾವನ ಮಕ್ಕಳೇ ಅಪರಿಚಿತರಾದರು. ಅವರಿಗೂ ಇವಳು ಅಪರಿಚಿತಳಾದಳು. ಈ ನಷ್ಟ ಮಾತ್ರ ನನಗೆ ಇವತ್ತಿಗೂ ತುಂಬಿಕೊಳ್ಳಲು ಆಗಿಲ್ಲ.

ನಾವು ಕಲಿತದ್ದು ಹೇಳುತ್ತೇನೆ. ಹಿಂದಿನ ದಿನ ವರಪೂಜೆಗೆ ಮುಂಚೆ, ಅಡುಗೆಯವರು ಪಾತ್ರೆ ಇಳಿಸುವ ಹೊತ್ತಿಗೆ ಛತ್ರ ಖಾಲಿ ಇರುತ್ತದೆ. ಆಗ ಒಂದು ಸಲ ಸುತ್ತಾಡಿಸಿ. ಮಂಟಪ ಎಲ್ಲಿ, ಬಚ್ಚಲು ಎಲ್ಲಿ, ಊಟ ಎಲ್ಲಿ, ಹೊರಗೆ ಹೋಗುವ ಬಾಗಿಲು ಯಾವುದು, ಎಲ್ಲ ತೋರಿಸಿ. ಮೊಬೈಲಿನಲ್ಲಿ ಫೋಟೋ ತೆಗೆದು ರಾತ್ರಿ ಮಲಗುವ ಮುಂಚೆ ಮತ್ತೆ ತೋರಿಸಿ. ಮಹಡಿಯಲ್ಲಿ ಒಂದು ಕೋಣೆ ಬೀಗದ ಕೈ ಸಮೇತ ನಿಮಗೇ ಇರಲಿ. ಸಾಮಾನು ಇಡುವ ಕೋಣೆಯಾದರೂ ಪರವಾಗಿಲ್ಲ, ಫ್ಯಾನ್ ಇದ್ದರೆ ಸಾಕು. ಶಬ್ದ ತಡೆಯುವ ಹೆಡ್‌ಫೋನ್ ಮನೆಯಲ್ಲೇ ಒಂದು ವಾರ ಹಾಕಿ ಅಭ್ಯಾಸ ಮಾಡಿಸಿ. ಆ ದಿನವೇ ಹೊಸದಾಗಿ ಕೊಟ್ಟರೆ ಕಿತ್ತು ಎಸೆಯುತ್ತಾರೆ. ಮತ್ತೆ ಓಲಗದವರ ಹತ್ತಿರ ನೀವೇ ಹೋಗಿ ಮಾತಾಡಿ. ನಮ್ಮ ತಂಗಿ ಮದುವೆಯಲ್ಲಿ ಡೋಲಿನವರು ನನ್ನನ್ನು ನೋಡಿ, ತಲೆ ಆಡಿಸಿ, ಆಮೇಲೆಯೇ ಶುರು ಮಾಡಿದರು. ಅರ್ಧ ನಿಮಿಷ ಮುಂಚೆ ಗೊತ್ತಾದರೆ ನಮಗೆ ಅದೇ ಸಾಕು.

ಹನುಮಂತನಗರದ_ತಾತ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ತಾಯಿ. ನನಗೂ ಮೊಮ್ಮಗ ಇದ್ದಾನೆ, ಅವನಿಗೂ ಇದೇ ಹೇಳಿದ್ದಾರೆ. ಹೆಣ್ಣಿನ ತಂದೆಗೆ ಆ ದಿನ ಎಷ್ಟು ತಲೆಬಿಸಿ ಇರುತ್ತದೆ ಅಂತ ನನಗೆ ಗೊತ್ತು, ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದ್ದೇನೆ. ಆ ಶಬ್ದ ಮಗುವಿಗೇ ಹಿಂಸೆ ಅಲ್ಲವೇ? ಹಿಂಸೆಯಾಗುವ ಜಾಗಕ್ಕೆ ಯಾಕೆ ಎಳೆದುಕೊಂಡು ಹೋಗಬೇಕು? ಅಜ್ಜಿ ಮನೆಯಲ್ಲಿ ಮೊಸರನ್ನ ತಿಂದು ಹಾಯಾಗಿ ಇರುತ್ತಾನಲ್ಲ.

ಸಂಪಿಗೆರಸ್ತೆ_ಅಮ್ಮ

ತಾತ, ನಿಮ್ಮ ಮಾತಿಗೆ ಬೇಸರ ಇಲ್ಲ. ರಾತ್ರಿಯೆಲ್ಲ ನಾನೂ ಅದನ್ನೇ ಕೇಳಿಕೊಂಡೆ. ಅವನಿಗೆ ಆಗುವುದಿಲ್ಲ ಅನ್ನುವ ದಿನ ನಾನೇ ಕರೆದುಕೊಂಡು ಹೋಗುವುದಿಲ್ಲ. ಹೋದ ದೀಪಾವಳಿಗೆ ಮೂರು ದಿನ ಊರಾಚೆ ತಂಗಿ ಮನೆಯಲ್ಲಿದ್ದೆವು, ಪಟಾಕಿಗೋಸ್ಕರ.

ಆದರೆ "ಅವನು ಬರಬೇಕಾದರೆ ಏನು ಮಾಡೋಣ" ಅಂತ ಯಾರೂ ಕೇಳಲಿಲ್ಲ. "ಬಿಟ್ಟು ಬನ್ನಿ" ಅಂದರು. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಮಂಡಿ ನೋವಿರುವ ಅತ್ತೆಗೆ ಕುರ್ಚಿ ಹಾಕಿಸಿದ್ದಾರೆ. ಸಕ್ಕರೆ ಕಾಯಿಲೆಯ ಚಿಕ್ಕಪ್ಪನಿಗೆ ಸಿಹಿ ಇಲ್ಲದ ಪಾಯಸ ಹೇಳಿದ್ದಾರೆ. ಅವರ್ಯಾರಿಗೂ ಮನೆಯಲ್ಲೇ ಇರಿ ಅಂತ ಹೇಳಿಲ್ಲ.

ಈ ಊರಿನಲ್ಲಿ ಎಲ್ಲರೂ ಎಲ್ಲರಿಗೂ "ಸ್ವಲ್ಪ ಅಡ್ಜಸ್ಟ್ ಮಾಡಿ" ಅನ್ನುತ್ತೇವೆ. ನನ್ನ ಮಗ ಬೆಳಿಗ್ಗೆ ಎದ್ದಾಗಿನಿಂದ ಅದನ್ನೇ ಮಾಡುತ್ತಾನೆ. ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಮಿಷನ್, ಕುಕ್ಕರ್ ವಿಶಿಲ್, ಯೂನಿಫಾರಂ ಕಾಲರಿನಲ್ಲಿ ಚುಚ್ಚುವ ಲೇಬಲ್, ಸಿಗ್ನಲ್ಲಿನಲ್ಲಿ ಹಾರನ್. ಸಾಯಂಕಾಲದ ಹೊತ್ತಿಗೆ ಅವನ ಅಡ್ಜಸ್ಟ್‌ಮೆಂಟ್ ಮುಗಿದುಹೋಗಿರುತ್ತದೆ. ಆಮೇಲೆ ಒಂದು ಸಣ್ಣದಕ್ಕೆ ಅತ್ತರೆ ಜನ ಆ ಸಣ್ಣದನ್ನು ಮಾತ್ರ ನೋಡುತ್ತಾರೆ. ಒಂದು ದಿನ, ಎರಡು ಗಂಟೆ, ಮನೆಯವರು ಅಡ್ಜಸ್ಟ್ ಮಾಡಲಿ ಅಂತ ನಾನು ಕೇಳುವುದು ತಪ್ಪೇ?

ಎಚ್‌ಎಸ್‌ಆರ್_27

ನನಗೆ 27. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನನಗೂ ಆಟಿಸಂ ಇದೆ. ಗೊತ್ತಾಗಿದ್ದು 24ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಜಂಬದವನು ಅಂದುಕೊಂಡಿದ್ದರು. ಆ ಮಗುವಿನ ಪರವಾಗಿ ಛತ್ರದ ಒಳಗಡೆಯಿಂದ ಸ್ವಲ್ಪ ಹೇಳುತ್ತೇನೆ.

ನಿಮಗೆ ಓಲಗ ಕೇಳಿಸುವಾಗ ಉಳಿದ ಶಬ್ದಗಳು ತಾವಾಗಿ ಹಿಂದೆ ಸರಿಯುತ್ತವೆ. ನನಗೆ ಸರಿಯುವುದಿಲ್ಲ. ಓಲಗ, ಅದರ ಹಿಂದೆ ಸ್ಟೀಲ್ ಲೋಟಗಳ ಸದ್ದು, ಜನರೇಟರ್, ಯಾರದೋ ಬಳೆ, ಮೈಕಿನ ಕೀಂ ಅನ್ನುವ ಸದ್ದು, ಎಲ್ಲವೂ ಒಂದೇ ಜೋರಿನಲ್ಲಿ ಬರುತ್ತವೆ. ಅದರ ಮೇಲೆ ಮಲ್ಲಿಗೆ, ಸೆಂಟು, ಒಗ್ಗರಣೆ, ಹೊಗೆ. ಅದರ ಮಧ್ಯೆ ಗುರುತೇ ಇಲ್ಲದ ಒಬ್ಬರು ಬಂದು ಕೆನ್ನೆ ಹಿಂಡಿ "ನಾನ್ಯಾರು ಹೇಳು ನೋಡೋಣ" ಅನ್ನುತ್ತಾರೆ. ಟೇಬಲ್ ಕೆಳಗೆ ಹೋದದ್ದು ತುಂಬಾ ಬುದ್ಧಿವಂತ ಕೆಲಸ. ಅಲ್ಲಿ ಬೆಳಕು ಕಡಿಮೆ, ಯಾರೂ ಮುಟ್ಟುವುದಿಲ್ಲ, ಬೆರಳಿಗೆ ಮಾಡಲು ಒಂದು ಕೆಲಸ ಸಿಗುತ್ತದೆ. ಅಮ್ಮ ಪಕ್ಕದಲ್ಲಿ ಬಂದು ಕೂತರಲ್ಲ, ಅದನ್ನು ಓದಿ ನನಗೆ ಅಳು ಬಂತು. ನನ್ನನ್ನು ಯಾವಾಗಲೂ ಎಳೆದು ಹೊರಗೆ ತಂದಿದ್ದರು.

ಹಟಕ್ಕೂ ಮೆಲ್ಟ್‌ಡೌನ್‌ಗೂ ವ್ಯತ್ಯಾಸ ಇದೆ. ಹಟ ಮಾಡುವ ಮಗು ಅಳುತ್ತಲೇ ಕಣ್ಣಂಚಿನಲ್ಲಿ ನೋಡುತ್ತಿರುತ್ತದೆ, ಕೇಳಿದ್ದು ಕೊಟ್ಟರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್ ಆದಾಗ ಏನು ಕೊಟ್ಟರೂ ನಿಲ್ಲುವುದಿಲ್ಲ, ನಿಲ್ಲಿಸುವುದು ನಮ್ಮ ಕೈಯಲ್ಲೇ ಇರುವುದಿಲ್ಲ. ಆಗ ಬುದ್ಧಿ ಹೇಳಬೇಡಿ. ಜನರನ್ನು ದೂರ ಕಳಿಸಿ, ದೀಪ ಕಡಿಮೆ ಮಾಡಿ, ಸುಮ್ಮನೆ ಹತ್ತಿರ ಇರಿ.

ಇನ್ನೊಂದು. "ಕಣ್ಣು ನೋಡಿ ಮಾತಾಡು" ಅಂತ ದಯವಿಟ್ಟು ಬಲವಂತ ಮಾಡಬೇಡಿ. ನಾನು ಕಣ್ಣು ನೋಡುತ್ತಿದ್ದರೆ ಮಾತು ತಲೆಗೆ ಹೋಗುವುದಿಲ್ಲ. ಮಾತು ಕೇಳಬೇಕಾದರೆ ಕಣ್ಣು ಗೋಡೆಯ ಕಡೆ ಇರಬೇಕು. ಶಾಲೆಯಲ್ಲಿ ಇಷ್ಟಕ್ಕೇ ಎಷ್ಟು ಸಲ ನಿಲ್ಲಿಸಿದ್ದರು.

ನೀವು ಭಾವನಿಗೆ ಒಂದು ಪುಟ ಬರೆದು ಕಳಿಸಿ. ಆಟಿಸಂ ಎಂದರೇನು ಅಂತ ಅಲ್ಲ. ನಿಮ್ಮ ಮಗನ ಬಗ್ಗೆ. ಅವನಿಗೆ ಏನು ಬೇಕು, ಅವನ ಮಾತಿನ ಅರ್ಥ ಏನು ಅಂತ. ಮೆಟ್ರೋ ಸಾಲು ಖಂಡಿತ ಬರೆಯಿರಿ.

ವೈಟ್‌ಫೀಲ್ಡ್_ಕನ್ನಡತಿ

ಮೆಟ್ರೋ ವಿಷಯ ಓದಿ ಒಂದು ಪ್ರಶ್ನೆ. ನನ್ನ ಮಗಳಿಗೆ 4. ಒಂದು ಥೆರಪಿ ಸೆಂಟರಿನಲ್ಲಿ "ಮನೆಯಲ್ಲಿ ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಆದರೆ ಒಳ್ಳೆಯದು, ಇಲ್ಲದಿದ್ದರೆ ಗೊಂದಲ ಆಗುತ್ತದೆ" ಅಂದರು. ಒಂದೂವರೆ ವರ್ಷದಿಂದ ಅವಳ ಎದುರು ಕನ್ನಡ ನಿಲ್ಲಿಸಿದ್ದೇವೆ. ಹಾಸನದಿಂದ ಅತ್ತೆ ಬಂದರೆ ಮೊಮ್ಮಗಳ ಹತ್ತಿರ ಮಾತೇ ಆಡುವುದಿಲ್ಲ. ತಪ್ಪಾಗುತ್ತದೆ ಅಂತ ಭಯ ಅವರಿಗೆ. ಮೊನ್ನೆ ಅಡುಗೆಮನೆಯಲ್ಲಿ ಅವರು ಮೆಲ್ಲಗೆ "ಚಿನ್ನಾ, ಬಾರೇ" ಅಂದು, ನನ್ನನ್ನು ನೋಡಿ ತಟ್ಟನೆ ಬಾಯಿ ಮುಚ್ಚಿಕೊಂಡರು. ಇದು ಸರಿಯೇ?

ಮಾತಿನ_ಕೆಲಸದವಳು

ನಾನು ಸ್ಪೀಚ್ ಥೆರಪಿಸ್ಟ್. ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ. ಇವತ್ತೇ ಫೋನ್ ಮಾಡಿ ನಿಮ್ಮ ಅತ್ತೆಗೆ ಹೇಳಿ, ಎಷ್ಟು ಬೇಕೋ ಅಷ್ಟು ಕನ್ನಡ ಮಾತಾಡಲಿ. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಮಗು ಭಾಷೆ ಕಲಿಯುವುದು ಅದನ್ನು ಪ್ರೀತಿಯಿಂದ, ಸಲೀಸಾಗಿ ಆಡುವವರಿಂದ. ನೀವು ಕಷ್ಟಪಟ್ಟು ಆಡುವ ಇಂಗ್ಲಿಷಿನಲ್ಲಿ ಮಾತು ಎಷ್ಟು ಕಡಿಮೆ ಆಗುತ್ತದೆ ನೋಡಿ. ಲಾಲಿ ಇಲ್ಲ, ಕಥೆ ಇಲ್ಲ, ಬೈಗುಳವೂ ಇಲ್ಲ. ಅಜ್ಜಿಯನ್ನು ಕಳೆದುಕೊಂಡು ಮಗು ಗಳಿಸುವುದು ಏನೂ ಇಲ್ಲ.

ಮೆಟ್ರೋ ಸಾಲಿನ ಬಗ್ಗೆಯೂ ಹೇಳಬೇಕು. ಕೇಳಿದ್ದನ್ನೇ ಮತ್ತೆ ಹೇಳುವುದಕ್ಕೆ ಎಕೋಲೇಲಿಯಾ ಅನ್ನುತ್ತೇವೆ. ಮೊದಲೆಲ್ಲ ಅದನ್ನು ಅರ್ಥವಿಲ್ಲದ ಗಿಳಿಪಾಠ ಅಂತ ನಿಲ್ಲಿಸಲು ನೋಡುತ್ತಿದ್ದರು. ಎಷ್ಟೋ ಮಕ್ಕಳಿಗೆ ಅದೇ ಮಾತಿನ ಬಾಗಿಲು. ಇಡೀ ಸಾಲನ್ನು ಒಂದು ಪದದ ಹಾಗೆ ಹಿಡಿದುಕೊಳ್ಳುತ್ತಾರೆ, ಆಮೇಲೆ ನಿಧಾನಕ್ಕೆ ಬಿಡಿಸುತ್ತಾರೆ. ಅವನು ಆ ಸಾಲು ಹೇಳಿದಾಗ ನೀವು "ಓ, ಮನೆಗೆ ಹೋಗೋಣ" ಅಂತ ಸೇರಿಸಿ. ತಿದ್ದಬೇಡಿ, ಪಕ್ಕದಲ್ಲಿ ಇಡಿ ಅಷ್ಟೇ.

ಮಾತೇ ಬರದ ಮಕ್ಕಳ ತಂದೆತಾಯಿಗೂ ಒಂದು ಮಾತು. ಚಿತ್ರದ ಕಾರ್ಡು, ಟ್ಯಾಬ್‌ನಲ್ಲಿ ಚಿತ್ರ ಒತ್ತಿದರೆ ಮಾತಾಡುವ ಆ್ಯಪ್, ಇವುಗಳಿಂದ ಮಗು ಸೋಮಾರಿಯಾಗಿ ಮಾತೇ ಕಲಿಯುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಚೆನ್ನೈನಲ್ಲಿ ಹುಟ್ಟಿದ ಅವಾಜ್ ಅಂಥ ಒಂದು ಆ್ಯಪ್. ಹೇಳಬೇಕಾದ್ದನ್ನು ಹೇಳಲು ದಾರಿ ಸಿಕ್ಕ ಮಗು ಕಚ್ಚುವುದು, ತಲೆ ಚಚ್ಚಿಕೊಳ್ಳುವುದು ಕಡಿಮೆಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹೊಸ_ಅಪ್ಪ

ನಮಗೆ ಗೊತ್ತಾಗಿ ಎರಡು ವಾರ. ಮಗನಿಗೆ ಎರಡೂವರೆ. ಹೆಸರು ಕರೆದರೆ ತಿರುಗುವುದಿಲ್ಲ. ಅಮ್ಮ ಬಜೆ ತೇಯ್ದು ನೆಕ್ಕಿಸಿದರು, ದೃಷ್ಟಿ ತೆಗೆದರು, "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಅಂದರು. ಈಗ ಮನೆಯಲ್ಲಿ ಚುಚ್ಚುಮದ್ದಿನಿಂದ ಹೀಗಾಯಿತು ಅಂತ ನನ್ನ ಹೆಂಡತಿ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. ಒಂದು ಕಡೆ ಸ್ಟೆಮ್ ಸೆಲ್ ಮಾಡಿಸಿದರೆ ಪೂರ್ತಿ ವಾಸಿಯಾಗುತ್ತದೆ ಅಂತ ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಊರಿನ ಜಮೀನು ಮಾರುವ ಮಾತು ನಡೆದಿದೆ.

ವಿಜಯನಗರ_ಅಪ್ಪ

ಜಮೀನು ಮಾರಬೇಡಿ. ದಯವಿಟ್ಟು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡುವಂತಿಲ್ಲ ಅಂತ ಹೇಳಿದೆ. ವಾಸಿ ಮಾಡುತ್ತೇನೆ ಅಂತ ಯಾರು ಹೇಳಿದರೂ ಆ ಬಾಗಿಲಿನಿಂದಲೇ ವಾಪಸ್ ಬನ್ನಿ. ಆಟಿಸಂ ಅನ್ನುವುದು ಮಗುವಿನ ಮಿದುಳು ಬೆಳೆದ ರೀತಿ. ಜ್ವರದ ಹಾಗೆ ಬಂದು ಹೋಗುವುದಲ್ಲ.

ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ಚುಚ್ಚುಮದ್ದಿನ ಕಥೆ ಶುರುವಾಗಿದ್ದು 1998ರಲ್ಲಿ, ಇಂಗ್ಲೆಂಡಿನ ವೇಕ್‌ಫೀಲ್ಡ್ ಅನ್ನುವ ವೈದ್ಯ ಬರೆದ ಒಂದು ಲೇಖನದಿಂದ. ಬರೀ 12 ಮಕ್ಕಳ ಮೇಲೆ ಬರೆದದ್ದು. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಆತನ ವೈದ್ಯ ನೋಂದಣಿಯೂ ರದ್ದಾಯಿತು. ಅದಕ್ಕೂ ಮುಂಚಿನ ಕಾಲದಲ್ಲಿ ತಾಯಿಗೆ ಪ್ರೀತಿ ಸಾಲದೆ ಹೀಗಾಗುತ್ತದೆ ಅಂತ ದೊಡ್ಡ ದೊಡ್ಡವರೇ ಹೇಳುತ್ತಿದ್ದರು. ಅದೂ ಸುಳ್ಳು ಅಂತಾಯಿತು. ಪ್ರತಿ ಸಲವೂ ತಾಯಂದಿರನ್ನೇ ಕಟಕಟೆಗೆ ನಿಲ್ಲಿಸಿದ್ದಾರೆ. ನಿಮ್ಮ ಮನೆಯವರು ಏನೂ ತಪ್ಪು ಮಾಡಿಲ್ಲ.

ಮೊದಲು ಕಿವಿ ಪರೀಕ್ಷೆ ಮಾಡಿಸಿ, ಬೇರಾ ಅನ್ನುತ್ತಾರೆ. ಆಮೇಲೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿ. ಕಾಯಬೇಕಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ, ಮಗುವಿಗೆ ತಿಂಡಿ, ಇಷ್ಟದ ಆಟಿಕೆ ಜೊತೆಗಿರಲಿ. ಪ್ರಮಾಣಪತ್ರಕ್ಕೆ ಐಸಾ ಅನ್ನುವ ನಮ್ಮ ದೇಶದ್ದೇ ಪ್ರಶ್ನಾವಳಿ ಬಳಸುತ್ತಾರೆ. 40 ಪ್ರಶ್ನೆ, ಒಟ್ಟು ಅಂಕ 70 ಅಥವಾ ಅದಕ್ಕಿಂತ ಹೆಚ್ಚಾದರೆ ಆಟಿಸಂ ಅಂತ ಲೆಕ್ಕ. ಅಂಕ ನೋಡಿ ಕುಸಿಯಬೇಡಿ. ಅದು ಸರ್ಕಾರದ ಕಾಗದಕ್ಕೆ ಬೇಕಾದ ಸಂಖ್ಯೆ, ನಿಮ್ಮ ಮಗ ಆ ಸಂಖ್ಯೆ ಅಲ್ಲ. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮಾತ್ರ ಮಾಡಿಸಿಕೊಳ್ಳಿ, ನಾಚಿಕೆ ಪಡಬೇಡಿ. ನಾವು ನಾಚಿಕೊಂಡು ನಾಲ್ಕು ವರ್ಷ ಕಳೆದೆವು.

ಮೂರನೇ_ತರಗತಿ_ಮೇಷ್ಟ್ರು

ನಾನು ಬೆಂಗಳೂರು ಹೊರವಲಯದ ಸರ್ಕಾರಿ ಶಾಲೆಯ ಶಿಕ್ಷಕ. ನನ್ನ ತರಗತಿಯಲ್ಲಿ 38 ಮಕ್ಕಳು. ಅದರಲ್ಲಿ ಒಬ್ಬ ಹೀಗೇ ಇದ್ದಾನೆ ಅಂತ ನನಗೆ ಅನುಮಾನ. ಬೆಲ್ ಹೊಡೆದರೆ ಬೆಂಚಿನ ಕೆಳಗೆ ಹೋಗುತ್ತಾನೆ. ಕೇಳಲು ಸಂಕೋಚ ಆಗುತ್ತಿದೆ, ಆದರೂ ಕೇಳುತ್ತೇನೆ. ಉಳಿದ 37 ಮಕ್ಕಳಿಗೆ ಪಾಠ ಮಾಡುತ್ತಾ ಇವನಿಗೆ ನಾನು ಏನು ಮಾಡಲಿ? ಕಳಿಸಿಬಿಡುವ ಮನಸ್ಸು ನನಗಿಲ್ಲ.

ಬ್ಲಾಕ್_ಟೀಚರ್

ಮೇಷ್ಟ್ರೇ, ನಾನು ಬಿಐಇಆರ್‌ಟಿ, ಅಂದರೆ ಅಂಗವಿಕಲ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಇರುವ ಶಿಕ್ಷಕಿ. ನಿಮ್ಮ ಬಿಆರ್‌ಸಿಯಲ್ಲೂ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲೂ ಒಬ್ಬರು ಇರುತ್ತಾರೆ, ಇವತ್ತೇ ಹೇಳಿಸಿ. ಅಲ್ಲಿಯವರೆಗೆ ದುಡ್ಡಿಲ್ಲದೆ ಮಾಡಬಹುದಾದ್ದು ಇದೆ. ಬೆಲ್ ಹೊಡೆಯುವ ಎರಡು ನಿಮಿಷ ಮುಂಚೆ ಅವನಿಗೆ ತೋರುವ ಹಾಗೆ ಒಂದು ಕಾರ್ಡ್ ಎತ್ತಿ ಹಿಡಿಯಿರಿ. ಗೋಡೆಯ ಪಕ್ಕದ ಜಾಗ ಕೊಡಿ, ಬಾಗಿಲಿಗೆ ಬೆನ್ನು ಬೇಡ. ದಿನದ ಕೆಲಸವನ್ನು ಚಿತ್ರಗಳಲ್ಲಿ ಸಾಲಾಗಿ ಅಂಟಿಸಿ, ಮುಗಿದದ್ದನ್ನು ಅವನೇ ತಿರುಗಿಸಿ ಇಡಲಿ. ನಲಿಕಲಿಯ ಕಲಿಕಾ ಏಣಿ ನೆನಪಿದೆಯಲ್ಲ, ಹೆಚ್ಚುಕಡಿಮೆ ಹಾಗೇ. ಅದೇ ಚಿತ್ರದ ಸಾಲು ಉಳಿದ ಎಷ್ಟೋ ಮಕ್ಕಳಿಗೂ ಉಪಯೋಗಕ್ಕೆ ಬರುತ್ತದೆ. ಬೆಂಚಿನ ಕೆಳಗೆ ಹೋದರೆ ಎಳೆಯಬೇಡಿ, ಅಲ್ಲೇ ಪಾಠ ಕೇಳಿಸಿಕೊಳ್ಳಲಿ. ನನ್ನ ಒಬ್ಬ ವಿದ್ಯಾರ್ಥಿ ಮೂರು ತಿಂಗಳು ಬೆಂಚಿನ ಕೆಳಗೇ ಮಗ್ಗಿ ಕಲಿತ.

ಒಬ್ಬರೇ ಎಲ್ಲ ಮಾಡಬೇಕಾಗಿ ಬಂದಿರುವುದು ನಿಮ್ಮ ತಪ್ಪಲ್ಲ. ವಿಶೇಷ ಅಗತ್ಯದ ಮಕ್ಕಳಿಗೆ ಎಷ್ಟು ವಿಶೇಷ ಶಿಕ್ಷಕರು ಬೇಕು ಅಂತ ನಿಗದಿ ಮಾಡಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. 1ರಿಂದ 5ನೇ ತರಗತಿಯಲ್ಲಿ ಅಂಥ 10 ಮಕ್ಕಳಿಗೆ ಒಬ್ಬ, 6ರಿಂದ 8ರಲ್ಲಿ 15 ಮಕ್ಕಳಿಗೆ ಒಬ್ಬ ಅಂತ 2022ರಲ್ಲಿ ಕೇಂದ್ರ ನಿಗದಿ ಮಾಡಿತು. ಆ ಲೆಕ್ಕಕ್ಕೂ ನಾವು ದಿನಾ ನೋಡುವುದಕ್ಕೂ ಎಷ್ಟು ದೂರ ಅಂತ ನಮಗಿಬ್ಬರಿಗೂ ಗೊತ್ತು. ತಂದೆತಾಯಿಯರು, ಶಿಕ್ಷಕರು ಒಬ್ಬರನ್ನೊಬ್ಬರು ದೂರುವುದು ಬಿಟ್ಟು ಸೇರಿ ಕೇಳಿದರೆ ಮಾತ್ರ ಆ ದೂರ ಕಡಿಮೆಯಾಗುತ್ತದೆ.

ಖಾಸಗಿ ಶಾಲೆಯವರು "ನಮ್ಮಲ್ಲಿ ಇಂಥ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ" ಅಂದರೆ ತಲೆ ತಗ್ಗಿಸಿ ಬರಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಆಟಿಸಂ ಅದರಲ್ಲಿ ಒಂದು. ಸರ್ಕಾರದ ಮಾನ್ಯತೆ ಇರುವ ಶಾಲೆ ಭೇದ ಮಾಡದೆ ಸೇರಿಸಿಕೊಳ್ಳಬೇಕು ಅಂತ 16ನೇ ಸೆಕ್ಷನ್ ಹೇಳುತ್ತದೆ. ಆಗುವುದಿಲ್ಲ ಅನ್ನುವುದನ್ನು ಬರೆದು ಕೊಡಿ ಅಂತ ವಿನಯವಾಗಿ ಕೇಳಿ. ಅರ್ಧ ಜನ ಅಲ್ಲೇ ಮೆತ್ತಗಾಗುತ್ತಾರೆ. ಆಗದಿದ್ದರೆ ದೂರು ಕೊಡಲು ರಾಜ್ಯದಲ್ಲಿ ಅಂಗವಿಕಲರ ಆಯುಕ್ತರು ಇದ್ದಾರೆ.

ಸಂಪಿಗೆರಸ್ತೆ_ಅಮ್ಮ

ಬರೆದು ಕೊಡಿ ಅಂತ ಕೇಳುವ ಧೈರ್ಯ ನನಗೆ ಬಂದಿದ್ದು ಮೂರನೇ ಶಾಲೆಯಲ್ಲಿ. ಮೊದಲನೆಯದರಲ್ಲಿ ಶ್ಯಾಡೋ ಟೀಚರ್, ಅಂದರೆ ತರಗತಿಯಲ್ಲಿ ಅವನ ಜೊತೆಗೇ ಇರುವವರ ಸಂಬಳ ನಾವೇ ಕೊಡಬೇಕು ಅಂದರು, ಕೊಟ್ಟೆವು. ಆಮೇಲೆ ವಾರ್ಷಿಕೋತ್ಸವದ ದಿನ ರಜೆ ಹಾಕಿಸಿ ಅಂದರು. ಫೋಟೋದಲ್ಲಿ ಅವನು ಬೇಡವಾಗಿದ್ದ. ಅವನು ಎರಡು ತಿಂಗಳು ಆ ಹಾಡನ್ನು ಮನೆಯಲ್ಲಿ ಹಾಡಿಕೊಂಡಿದ್ದ, ಒಂದು ಸಾಲೂ ತಪ್ಪದೆ. ಈಗಿನ ಶಾಲೆಯಲ್ಲಿ ಅವನ ಪಕ್ಕ ಕೂರುವ ಹುಡುಗಿ ಬೆಲ್ ಆಗುವ ಮುಂಚೆ ಅವನ ಡೆಸ್ಕ್ ಮೇಲೆ ಎರಡು ಸಲ ಬೆರಳಿನಿಂದ ತಟ್ಟುತ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಬೆಲ್ ಆಗುತ್ತದೆ. ಅಷ್ಟೇ ವಿಷಯ.

ಎಚ್‌ಎಸ್‌ಆರ್ ತಮ್ಮ, ನೀನು ಹೇಳಿದ ಹಾಗೆ ಭಾವನಿಗೆ ಒಂದು ಪುಟ ಬರೆದು ಕಳಿಸಿದೆ. ಎರಡು ನೀಲಿ ಟಿಕ್ ಬಂದಿವೆ. ಉತ್ತರ ಇಲ್ಲ.

ಹನುಮಂತನಗರದ_ತಾತ

ಎಲ್ಲರ ಮಾತೂ ಓದಿದೆ. ಮೊಮ್ಮಗನ ಕೆನ್ನೆ ಹಿಂಡಿ "ನಾನ್ಯಾರು ಹೇಳು" ಅನ್ನುವುದು ನಾನೇ. ದಿನಾ ಮಾಡುತ್ತಿದ್ದೆ. ಪ್ರೀತಿಯಿಂದಲೇ ಮಾಡಿದ್ದು. ಇನ್ನು ಮಾಡುವುದಿಲ್ಲ. ನಾವು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಯೋಚನೆ ನನಗೆ ನಿದ್ದೆ ಕೊಡುವುದಿಲ್ಲ. ಅದಕ್ಕೆ ಏನಾದರೂ ದಾರಿ ಗೊತ್ತಿದ್ದರೆ ಹೇಳಿ.

ವಿಜಯನಗರ_ಅಪ್ಪ

ತಾತ, ಆ ಯೋಚನೆ ನಮ್ಮೆಲ್ಲರ ಮನೆಯಲ್ಲೂ ರಾತ್ರಿ ಎದ್ದು ಕೂರುತ್ತದೆ. ಕಾಗದದ ದಾರಿ ಇದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ನ್ಯಾಷನಲ್ ಟ್ರಸ್ಟ್ ಅಂತ ಕೇಳಿರಬಹುದು. ಮಗುವಿಗೆ 18 ತುಂಬಿದ ಮೇಲೂ ಪೋಷಕತ್ವ ಬೇಕಾದರೆ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. 18 ಆದ ಮೇಲೆ ತಂದೆತಾಯಿ ತಾನಾಗಿ ಪೋಷಕರಾಗಿ ಮುಂದುವರಿಯುವುದಿಲ್ಲ ಅನ್ನುವುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಅದೇ ಟ್ರಸ್ಟಿನ ನಿರಾಮಯ ಅನ್ನುವ ಆರೋಗ್ಯ ವಿಮೆಯೂ ಇದೆ, 1 ಲಕ್ಷ ರೂಪಾಯಿವರೆಗೆ. ಆದರೆ ಎಲ್ಲರಿಗೂ ಪೋಷಕರು ಬೇಕಾಗುವುದಿಲ್ಲ. ನಮ್ಮ ಎಚ್‌ಎಸ್‌ಆರ್ ಹುಡುಗನನ್ನು ನೋಡಿ.

ಕಾಗದ ಬಿಟ್ಟರೆ ಇನ್ನೊಂದು ದಾರಿ ನೆಂಟರಿಷ್ಟರು, ಅಕ್ಕಪಕ್ಕದವರು. ಮಗುವನ್ನು ಚಿಕ್ಕಂದಿನಿಂದ ನೋಡಿದವರು, ಅದರ ಮಾತು ಗೊತ್ತಿರುವವರು. ಅದಕ್ಕೇ ನಾನು ಮದುವೆಗೆ ಕರೆದುಕೊಂಡು ಹೋಗಿ ಅಂದದ್ದು.

ಸಂಪಿಗೆರಸ್ತೆ_ಅಮ್ಮ

ಮದುವೆ ಮುಗಿಯಿತು. ಏನಾಯಿತು ಅಂತ ಹೇಳುತ್ತೇನೆ.

ಪುಟ ಕಳಿಸಿದ ನಾಲ್ಕನೇ ದಿನ ಓರಗಿತ್ತಿ ಫೋನ್ ಮಾಡಿ, "ಮಹಡಿ ಮೇಲೆ ಅಕ್ಕಿ ಮೂಟೆ ಇಡೋ ರೂಮ್ ಇದೆ, ನಿಮಗೆ ಅಂತ ಹೇಳಿದಾರೆ" ಅಂದಳು. ಅಷ್ಟೇ. ಹಿಂದಿನ ದಿನ ಮಧ್ಯಾಹ್ನ ಹೋಗಿ ಛತ್ರ ನೋಡಿ ಬಂದೆವು. ಮಗ ಮೆಟ್ಟಿಲು ಎಣಿಸಿದ, 22. ಸಂಜೆಯ ಆರತಕ್ಷತೆಗೆ ಹೋಗಲಿಲ್ಲ, ಆರ್ಕೆಸ್ಟ್ರಾ ಇತ್ತು. ಅದು ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು.

ಮುಹೂರ್ತಕ್ಕೆ ಓಲಗದವರಲ್ಲಿ ಹಿರಿಯರು ಮಹಡಿ ಕಡೆ ನೋಡಿ ಕೈ ಎತ್ತಿದರು. ಹೆಡ್‌ಫೋನ್ ಹಾಕಿದೆ. ಕಟಕಟೆ ಹಿಡಿದು ಮೇಲಿನಿಂದಲೇ ಅಕ್ಷತೆ ಹಾಕಿದ, ಒಂದೊಂದೇ ಕಾಳು. ಎಲ್ಲವೂ ಸಲೀಸಾಗಿ ಆಯಿತು ಅಂತ ಸುಳ್ಳು ಹೇಳುವುದಿಲ್ಲ. ಫೋಟೋದವರ ಲೈಟ್ ಕಣ್ಣಿಗೆ ಬಿದ್ದಾಗ ಕಿರುಚಿದ. ಅರ್ಧ ಗಂಟೆ ಅಕ್ಕಿ ಮೂಟೆಗಳ ನಡುವೆ ಕೂತೆವು. ಎರಡು ದಿನ ಶಾಲೆಗೂ ಹೋಗಲಿಲ್ಲ, ಅಷ್ಟು ಸುಸ್ತು.

ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂತಿದ್ದೆವು. ಅವನಿಗೆ ಒಗ್ಗರಣೆ ಹಾಕದ ಮೊಸರನ್ನ ಬೇರೆಯಾಗಿ ಇಟ್ಟಿದ್ದರು, ಪುಟದಲ್ಲಿ ಬರೆದಿದ್ದೆ. ತಿಂದು ಮುಗಿಸಿ ಜೋರಾಗಿ ಹೇಳಿದ: "ಮುಂದಿನ ನಿಲ್ದಾಣ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ." ಎದುರಿಗೆ ಕೂತಿದ್ದ ಬೀಗಿತ್ತಿ ತಿರುಗಿ, "ಏನಂತೆ ಮಗು?" ಅಂದರು. ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಭಾವನ ದನಿ ಬಂತು. ಪಂಕ್ತಿ ವಿಚಾರಿಸಿಕೊಂಡು ಬರುತ್ತಿದ್ದರು. "ಊಟ ಆಯ್ತಲ್ಲ ಅಮ್ಮ, ಅವನಿಗೆ ಮನೆಗೆ ಹೋಗಬೇಕಂತೆ."

ಆಮೇಲೆ ಅವನ ಕುರ್ಚಿಯಿಂದ ಸ್ವಲ್ಪ ದೂರದಲ್ಲೇ ನಿಂತು, ಮುಟ್ಟದೆ, "ಇಲ್ಲಿಂದ ಯಾವ್ಯಾವುದು ಬರುತ್ತೆ ಪುಟ್ಟ?" ಅಂದರು. ಮಗ ಎಲೆ ನೋಡುತ್ತಲೇ "ನ್ಯಾಷನಲ್ ಕಾಲೇಜು, ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ" ಅಂದು ನಿಲ್ಲಿಸಿದ. ಭಾವ "ಮೆಜೆಸ್ಟಿಕ್" ಅಂದರು. ಮಗನಿಗೆ ಅದು ಸರಿ ಬರಲಿಲ್ಲ. "ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್" ಅಂದ. ಕೈಯಲ್ಲಿ ತುಪ್ಪದ ಗಿಂಡಿ ಹಿಡಿದುಕೊಂಡೇ ಭಾವ ಅದನ್ನು ಪೂರ್ತಿಯಾಗಿ ಇನ್ನೊಂದು ಸಲ ಹೇಳಿದರು.